ಹಳೇ ಮಾಳಿಗೆ ಮನೆ, ನಾವಿಬ್ಬರು

ಸೋದರಿಯರೇ, ಹುಣಸೇ ತೊಕ್ಕಿನ ವಿಷಯವಾಗಿ ಬಂದ ಪತ್ರಗಳ ನಡುವೆ ಹೊಳಲ್ಕೆರೆಯ ಸೋದರಿಯೊಬ್ಬರ ಪತ್ರ ಬೇರೆಯೇ ಇತ್ತು. “ಮಾವನವರ ಕಾಲದ ಮಣ್ಣಿನ ಮಾಳಿಗೆ ಮನೆ. ಮಳೆ ಬಂದರೆ ಸೋರುತ್ತೆ. ಬೀಳಿಸಿ ಆರ್.ಸಿ.ಸಿ. ಹಾಕಿಸೋಣ ಅಂತ ನಮ್ಮನೆಯವರು, ಸಾಲ ಬೇಡ ಅಂತ ನಾನು. ಅಕ್ಕಾ, ನಿಮ್ಮದೂ ಹಳೇ ಮನೆ ಅಂತ ಒಮ್ಮೆ ಬರೆದಿದ್ದಿರಿ. ನೀವೇನು ಮಾಡಿದಿರಿ?” ತೊಕ್ಕಿಗೆ ಉಪ್ಪು ಜಾಸ್ತಿಯಾಯಿತು ಅಂದವರಿಗೆ ಮುಂದಿನ ಸಲ ಉತ್ತರ ಕೊಡುತ್ತೇನೆ. ಈ ಸಲ ಮನೆಯ ಮಾತು.

ನನ್ನ ತವರು ಹೊಸದುರ್ಗ, ಸೇರಿದ್ದು ಹಿರಿಯೂರಿನ ಹಳೇ ಬೀದಿಯ ಮಾಳಿಗೆ ಮನೆ. ಕಲ್ಲಿನ ತಳಪಾಯ, ಮಣ್ಣಿನ ದಪ್ಪ ಗೋಡೆ, ತೊಲೆ, ಅದರ ಮೇಲೆ ಜಂತೆ, ಜಂತೆಯ ಮೇಲೆ ಚಕ್ಕೆ, ಚಕ್ಕೆಯ ಮೇಲೆ ಬಂದರೆ ಸೊಪ್ಪು, ಅದರ ಮೇಲೆ ಮಣ್ಣು, ಎಲ್ಲಕ್ಕೂ ಮೇಲೆ ಕರಲು ಮಣ್ಣು. ನಡುಮನೆಗೆ ಬೆಳಕು ಬರಲು ಒಂದೇ ಒಂದು ಗವಾಕ್ಷಿ. ಮಲೆನಾಡಿನ ಹಾಗೆ ಹೊಯ್ಯುವ ಮಳೆ ನಮ್ಮ ಸೀಮೆಗಿಲ್ಲ. ಅದಕ್ಕೇ ಹಿಂದಿನವರು ಇಂಥ ಚಪ್ಪಟೆ ಮಾಳಿಗೆ ಕಟ್ಟಿಕೊಂಡು ಬೇಸಿಗೆಯಲ್ಲಿ ತಣ್ಣಗೆ ಇದ್ದರು.

ಆದರೆ 2022ರ ಮಳೆಗಾಲ ನಿಮಗೆ ನೆನಪಿರಬೇಕು. 1933ರಲ್ಲಿ ಕೋಡಿ ಬಿದ್ದಿದ್ದ ನಮ್ಮ ವಾಣಿವಿಲಾಸ ಸಾಗರ ಮತ್ತೆ ಕೋಡಿ ಬಿದ್ದದ್ದು ಆ ವರ್ಷ ಸೆಪ್ಟೆಂಬರಿನಲ್ಲೇ. ಊರಿಗೆ ಊರೇ ಮಾರಿಕಣಿವೆಗೆ ಹೊರಟಿತು. ನಾವೂ ಹೋಗಿ ನೀರು ನೋಡಿ, ಮಂಡಕ್ಕಿ ಮೆಣಸಿನಕಾಯಿ ತಿಂದು ನಗುನಗುತ್ತಾ ಬಂದೆವು. ಬಂದು ನೋಡಿದರೆ ಬಚ್ಚಲ ಕಡೆಯ ಗೋಡೆ ಹೊಟ್ಟೆ ಬಿಟ್ಟುಕೊಂಡು ನಿಂತಿದೆ! ಅದೇ ರಾತ್ರಿ ಪಕ್ಕದ ಬೀದಿಯಲ್ಲಿ ಒಂದು ಮಾಳಿಗೆ ಧೊಪ್ಪನೆ ಕುಸಿಯಿತು. ಮನೆಯವರು ಊರಲ್ಲಿರಲಿಲ್ಲ, ಪುಣ್ಯ. ನಮ್ಮತ್ತೆಯ ಮಂಚವನ್ನು ಆ ಹೊತ್ತಿನಲ್ಲೇ ಪಡಸಾಲೆಗೆ ಎಳೆದು ತಂದೆವು. ಬೆಳಗಿನವರೆಗೂ ಯಾರೂ ಮಲಗಲಿಲ್ಲ.

ದುರ್ಗದಿಂದ ಮೈದುನ ಬಂದರು. ಸುತ್ತಲೂ ನೋಡಿ, “ಅತ್ತಿಗೆ, ಇದು ಕಥೆ ಮುಗಿದ ಮನೆ. ಬೀಳ್ಸಿ ಹೊಸ್ದು ಕಟ್ಸಿ, ಬ್ಯಾಂಕಿನಲ್ಲಿ ನಾನೇ ಮಾತಾಡ್ತೀನಿ” ಅಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಮಗಳು ಆಗ ಪಿ.ಯು.ಸಿ. ಎರಡನೇ ವರ್ಷ. ನರ್ಸಿಂಗ್ ಓದಬೇಕೆಂದು ಅವಳ ಹಟ. ಯಜಮಾನರದು ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ. ಮನೆ ಸಾಲದ ಕಂತು ಕಟ್ಟಿದರೆ ಅವಳ ಫೀಜು ಇಲ್ಲ, ಫೀಜು ಕಟ್ಟಿದರೆ ಮನೆ ಇಲ್ಲ. ರಾತ್ರಿ ಊಟವಾದ ಮೇಲೆ ಅವರು ಲೆಕ್ಕದ ಪುಸ್ತಕ ತೆರೆದು ಕೂತರು, ನಾನು ಎದುರಿಗೆ. ಬಹಳ ಹೊತ್ತಾದ ಮೇಲೆ, “ನಾವೇ ಕೈ ಹಾಕಿದ್ರೆ ಹೇಗೆ? ನೀನೂ ಬರ್ತೀಯಾ?” ಅಂದರು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಒಂದು ಕೆಲಸಕ್ಕೆ “ನೀನೂ ಬರ್ತೀಯಾ” ಎಂದು ಕರೆದದ್ದು ಅದೇ ಮೊದಲು. ಹೂಂ ಅಂದುಬಿಟ್ಟೆ. ಏನು ಗೊತ್ತಿತ್ತು ನನಗೆ, ಹೇಳಿ!

ಎಲ್ಲಿ ಸೋರುತ್ತದೆ ಎಂದು ಹುಡುಕಲು ಅವರು ಬ್ಯಾಟರಿ ಹಿಡಿದು ಜಂತೆ ಎಣಿಸತೊಡಗಿದರು. ನಾನು ಸೀಮೆಸುಣ್ಣ ತಗೊಂಡು ನೆಲದ ಮೇಲೆ ಗುರುತು ಹಾಕಿದೆ. ಕಣಜದ ಮೂಲೆಯಲ್ಲಿ ದೊಡ್ಡ ಬೋಗುಣಿ ಇಡುವ ಜಾಗ, ದೇವರ ಮನೆ ಬಾಗಿಲಲ್ಲಿ ತಂಬಿಗೆ, ನಡುಗಂಬದ ಪಕ್ಕದಲ್ಲಿ ಇಡ್ಲಿ ಪಾತ್ರೆ, ಅಟ್ಟದ ಕೆಳಗೆ ಎರಡು ಸ್ಟೀಲ್ ಡಬರಿ. ಒಟ್ಟು ಒಂಬತ್ತು. ಯಾವುದು ಜೋರು ಮಳೆಗೆ ಮಾತ್ರ, ಯಾವುದು ಜಡಿಮಳೆಗೆ, ಮಳೆ ನಿಂತ ಮೇಲೂ ಅರ್ಧ ದಿನ ತೊಟ್ಟಿಕ್ಕುವುದು ಯಾವುದು, ಎಲ್ಲ ಹೇಳಿದೆ. ಅವರು ಬೆಪ್ಪಾಗಿ ನೋಡಿದರು. “ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?” “ನೀವು ಯಾವತ್ತು ಕೇಳಿದ್ರಿ?” ಅಂದೆ. ಮಾತು ಖಾರವಾಗಿಯೇ ಬಂತು. ಆದರೆ ಸತ್ಯ ಹೇಳುತ್ತೇನೆ, ತಪ್ಪು ನನ್ನದೂ ಇತ್ತು. ಒಂದು ಡಬರಿ ತುಂಬಿದರೆ ಇನ್ನೊಂದು ಇಡುತ್ತಿದ್ದೆನೇ ಹೊರತು, ಬಾಯಿಬಿಟ್ಟು ಹೇಳುವ ಸಂಗತಿ ಇದು ಅಂತ ನನಗೂ ತೋಚಿರಲಿಲ್ಲ. ಹಾಗಾಗಿ, ಸೋದರಿ, ನಿಮ್ಮಲ್ಲೂ ಮೊದಲು ಈ ನಕ್ಷೆ ಮಾಡಿ. ಯಾವ ಇಂಜಿನಿಯರಿಗೂ ಇದು ಗೊತ್ತಿರುವುದಿಲ್ಲ, ಪಾತ್ರೆ ಇಟ್ಟವರಿಗೇ ಗೊತ್ತು.

ಕೆಲಸ ಹಿಡಿದದ್ದು 2023ರ ಸಂಕ್ರಾಂತಿ ಕಳೆದ ಮೇಲೆ. ಮಾಳಿಗೆ ಹತ್ತಿ ಗುದ್ದಲಿಯಲ್ಲಿ ಕೆರೆದು ನೋಡಿದರೆ ಎದೆ ಧಸಕ್ಕೆಂದಿತು. ಪ್ರತಿ ವರ್ಷ ಸೋರಿದಾಗಲೆಲ್ಲ ಹಳೆಯ ಮಣ್ಣು ತೆಗೆಯದೆ ಮೇಲೆ ಹೊಸ ಕರಲು ಹಾಕುತ್ತಾ ಬಂದು, ಮಣ್ಣು ಒಂದು ಮೊಳಕ್ಕಿಂತ ದಪ್ಪ ಬೆಳೆದಿತ್ತು. ಒಣಗಿದಾಗಲೇ ಅಷ್ಟು ಭಾರ, ನೆನೆದರೆ ಇನ್ನೆಷ್ಟು! ನಮ್ಮ ಕಡೆ ಮಾಳಿಗೆಗಳು ಕುಸಿಯಲು ಇದೊಂದು ದೊಡ್ಡ ಕಾರಣ. ಸೋರುವುದು ನಿಲ್ಲಲಿ ಎಂದು ಹಾಕಿದ ಮಣ್ಣೇ ತೊಲೆ ಮುರಿಯುತ್ತದೆ. ಕೆರೆದ ಮಣ್ಣನ್ನು ಬುಟ್ಟಿಗೆ ತುಂಬಿ ಹಗ್ಗದಲ್ಲಿ ಇಳಿಬಿಟ್ಟೆವು. ಅವರು ತುಂಬುವುದು, ನಾನು ಕೆಳಗೆ ಸುರಿಯುವುದು, ಮಾರನೆಯ ದಿನ ನಾನು ಮೇಲೆ, ಅವರು ಕೆಳಗೆ. ತೊಲೆ ಇರುವ ಕಡೆಗೇ ಕಾಲಿಡಬೇಕು, ಇಬ್ಬರೂ ಒಂದೇ ಕಡೆ ನಿಲ್ಲಬಾರದು. ಹನ್ನೊಂದು ದಿನ ಹಿಡಿಯಿತು. ರಾತ್ರಿ ಮುದ್ದೆ ಮುರಿಯಲೂ ಕೈ ಬರುತ್ತಿರಲಿಲ್ಲ.

ಜಗಳವಾದದ್ದು ತೊಲೆಯ ವಿಷಯಕ್ಕೆ. ಗೋಡೆಯೊಳಗೆ ಹೂತಿರುವ ತೊಲೆಯ ತುದಿಯೇ ಮೊದಲು ಕೊಳೆಯುವುದು, ಗೆದ್ದಲು ಹಿಡಿಯುವುದೂ ಅಲ್ಲೇ. ದಬ್ಬಳದಿಂದ ಚುಚ್ಚಿ ನೋಡಿ. ಗಟ್ಟಿ ಮರದಲ್ಲಿ ಮೊನೆ ನಿಲ್ಲುತ್ತದೆ, ಟೊಳ್ಳಾದ ಮರದಲ್ಲಿ ಬೆಣ್ಣೆಯಲ್ಲಿ ಹೋದ ಹಾಗೆ ಹೋಗುತ್ತದೆ. ನಮ್ಮ ನಡುಮನೆಯ ಒಂದು ತೊಲೆಯಲ್ಲಿ ದಬ್ಬಳ ಹಿಡಿಯವರೆಗೂ ಹೋಯಿತು. ಯಜಮಾನರಿಗೆ ಅಷ್ಟರಲ್ಲಿ ಹುರುಪು ಬಂದಿತ್ತು. “ಎರಡು ಕಂಬ ನಿಲ್ಸಿ ನಾನೇ ಬದಲಾಯಿಸ್ತೀನಿ” ಅಂದರು. ನಾನು ಬೇಡವೆಂದೆ. ದನಿ ಏರಿತು. “ಎಲ್ಲದಕ್ಕೂ ಕೂಲಿ ಕೊಡೋದಾದ್ರೆ ನಾವ್ಯಾಕೆ ಒದ್ದಾಡ್ಬೇಕು?” “ಫೀಜು ಉಳಿಸೋಕೆ ಹೋಗಿ ಮಗಳಿಗೆ ಅಪ್ಪನ್ನೇ ಇಲ್ಲದ ಹಾಗೆ ಮಾಡ್ಬೇಡಿ” ಅಂದುಬಿಟ್ಟೆ. ಎರಡು ದಿನ ಮಾತಿಲ್ಲ. ಮೂರನೆಯ ದಿನ ತಾವೇ ಹೋಗಿ ವಯಸ್ಸಾದ ಬಡಗಿಯೊಬ್ಬರನ್ನು ಕರೆದುಕೊಂಡು ಬಂದರು. ಆ ಅಜ್ಜ ಒಳಗೆ ಬಂದು ತಲೆ ಎತ್ತಿ ನೋಡಿ ಹೇಳಿದ್ದು ಇಷ್ಟೇ: “ಮೊದ್ಲು ಎಲ್ರೂ ಹೊರಗೆ ನಡೀರವ್ವಾ.” ಆಳುಗಳೊಂದಿಗೆ ಕಂಬ ಕೊಟ್ಟು, ಬಿಚ್ಚಿದ ಮನೆಯೊಂದರಿಂದ ತಂದ ಗಟ್ಟಿ ತೊಲೆ ಏರಿಸಲು ಎರಡು ದಿನ ಬೇಕಾಯಿತು. ಕೊಟ್ಟ ಕೂಲಿಯಲ್ಲಿ ಒಂದು ರೂಪಾಯಿಗೂ ನನಗೆ ಬೇಸರವಿಲ್ಲ. ತೊಲೆ, ಕಂಬ, ಕರೆಂಟು ಈ ಮೂರಕ್ಕೆ ನಾವು ಕೈ ಹಾಕಲಿಲ್ಲ, ನೀವೂ ಹಾಕಬೇಡಿ. ಒದ್ದೆ ಮಣ್ಣಿನ ಗೋಡೆಯಲ್ಲಿ ಹಳೆಯ ವೈರು ಇದ್ದರಂತೂ ಮೇನ್ ತೆಗೆಯದೆ ಗೋಡೆ ಮುಟ್ಟಲೇಬೇಡಿ. ತೊಲೆಯ ತುದಿಗೆ ಗೇರೆಣ್ಣೆ ಬಳಿದದ್ದು ಮಾತ್ರ ನಾನು. ಅದು ಬರಿಗೈಗೆ ತಗುಲಿದರೆ ಸುಟ್ಟ ಹಾಗೆ ಬೊಬ್ಬೆ ಏಳುತ್ತದೆ, ಕೈಚೀಲ ಹಾಕಿಕೊಳ್ಳಿ.

ಇನ್ನು ಹೊಟ್ಟೆ ಬಿಟ್ಟ ಗೋಡೆ. ಅದರ ಕಥೆ ಬರೆಯಲೋ ಬೇಡವೋ ಎಂದು ಯೋಚಿಸಿದೆ. “ಬರಿ, ಇನ್ನೊಬ್ಬರಿಗೆ ಉಪಯೋಗ ಆಗ್ಲಿ” ಎಂದು ಅವರೇ ಹೇಳಿದ್ದರಿಂದ ಬರೆಯುತ್ತಿದ್ದೇನೆ. ಹಿಂದೊಮ್ಮೆ ಆ ಗೋಡೆಯ ಬುಡ ಉದುರುತ್ತದೆಂದು ಅವರು ತಾವೇ ನಿಂತು ಸೊಂಟದ ಮಟ್ಟಕ್ಕೆ ಸಿಮೆಂಟು ಗಿಲಾವು ಮಾಡಿಸಿದ್ದರು. ಬಂದವರಿಗೆಲ್ಲ ತಟ್ಟಿ ತೋರಿಸುತ್ತಿದ್ದರು, “ನೋಡಿ, ಕಲ್ಲಾಗಿದೆ” ಅಂತ. ಈಗ ಅದನ್ನು ಕಿತ್ತರೆ ಒಳಗಿನ ಮಣ್ಣು ಕಲಸಿದ ಹಿಟ್ಟಿನ ಹಾಗೆ ಮೆತ್ತಗೆ ಕೈಗೆ ಬಂತು. ಮಣ್ಣಿನ ಗೋಡೆ ನೆಲದಿಂದ, ಬಚ್ಚಲಿಂದ ಹೀರಿದ ನೀರನ್ನು ಗಾಳಿಗೆ ಬಿಟ್ಟುಕೊಂಡು ಒಣಗುತ್ತದೆ. ಸಿಮೆಂಟು ಬಳಿದರೆ ಆ ನೀರಿಗೆ ದಾರಿಯಿಲ್ಲ. ಒಳಗೇ ನಿಂತು ಬುಡವನ್ನು ತಿನ್ನುತ್ತದೆ, ಹೊರಗೆ ಮಾತ್ರ ಎಲ್ಲ ಗಟ್ಟಿಯಾಗಿ ಕಾಣುತ್ತದೆ. ಅವರು ಆ ಒದ್ದೆ ಮಣ್ಣನ್ನು ಕೈಯಲ್ಲಿ ಹಿಡಿದುಕೊಂಡು ಎಷ್ಟೋ ಹೊತ್ತು ಕೂತಿದ್ದರು. “ಅವ್ವ ಮಲಗೋದು ಇದೇ ಗೋಡೆ ಪಕ್ಕ” ಅಂದರು ಕೊನೆಗೆ. ನನಗೆ ಏನು ಹೇಳಬೇಕೋ ತಿಳಿಯದೆ ಟೀ ಮಾಡಿ ತಂದೆ.

ಮಣ್ಣಿನ ಗೋಡೆಯೇ ದುರ್ಬಲ ಅಂತಲ್ಲ. ನಮ್ಮ ದುರ್ಗದ ಕೋಟೆ ಹತ್ತಿದವರು ಪಾಳೆಯಗಾರರ ಅರಮನೆಯ ಕಡೆ ಎತ್ತರದ ಮಣ್ಣಿನ ಗೋಡೆಗಳನ್ನು ನೋಡಿರುತ್ತೀರಿ. ದುರ್ಗ ಹೈದರಾಲಿಯ ವಶವಾದದ್ದು 1779ರಲ್ಲಿ. ಮಾಳಿಗೆ ಹೋಗಿ ಎಷ್ಟೋ ಕಾಲವಾದರೂ ಅವು ನಿಂತಿವೆ. ಮಾರಿಕಣಿವೆ ಅಣೆಕಟ್ಟು 1907ರಲ್ಲಿ ಮುಗಿದದ್ದು, ಅದೂ ಸಿಮೆಂಟಿನದಲ್ಲ, ಕಲ್ಲು ಗಾರೆಯದು.

ಗೋಡೆಯನ್ನು ಒಂದೂವರೆ ತಿಂಗಳು ಒಣಗಲು ಬಿಟ್ಟೆವು. ಬಚ್ಚಲ ನೀರಿಗೆ ಬೇರೆ ಮೋರಿ ಮಾಡಿ ಗೋಡೆಯಿಂದ ದೂರ ತಿರುಗಿಸಿದೆವು. ಹೊಟ್ಟೆ ಬಿಟ್ಟ ಭಾಗ ಬಿಚ್ಚಿ, ಬುಡಕ್ಕೆ ಕಲ್ಲು ಕೊಟ್ಟು, ಮೇಲೆ ನಾವೇ ಅಚ್ಚಿನಲ್ಲಿ ಹಾಕಿದ ಹಸಿ ಇಟ್ಟಿಗೆ ಇಟ್ಟೆವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ದವರು (ಹೊಗೆ ಕಡಿಮೆ ಮಾಡುವ ಅಸ್ತ್ರ ಒಲೆ ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು, ಅದೇ ಅಸ್ತ್ರ) ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ ಯಂತ್ರದಲ್ಲಿ ಒತ್ತಿದ, ಸುಡದ ಇಟ್ಟಿಗೆಯ ಮೇಲೆ ಬಹಳ ಕೆಲಸ ಮಾಡಿದ್ದಾರೆ. ಹೊಸ ಗೋಡೆ ಕಟ್ಟುವವರು ಅದನ್ನು ವಿಚಾರಿಸಬಹುದು. ನಮಗೆ ಬೇಕಾದದ್ದು ಎಂಟಡಿ ಗೋಡೆ, ಹಸಿ ಇಟ್ಟಿಗೆಯೇ ಸಾಕಾಯಿತು.

ಗಿಲಾವಿಗೆ ಮಣ್ಣು, ಮರಳು, ಸಣ್ಣಗೆ ಕತ್ತರಿಸಿದ ನೆಲ್ಲು ಹುಲ್ಲು, ಸಗಣಿ. ಒಂದು ವಾರ ನೆನೆಸಿ ದಿನಾ ತುಳಿಯಬೇಕು. ಇಷ್ಟಕ್ಕೆ ಇಷ್ಟು ಎಂದು ಅಳತೆ ಹೇಳಲಾರೆ, ಏಕೆಂದರೆ ಊರೂರಿನ ಮಣ್ಣು ಬೇರೆ. ಮೊದಲು ಗೋಡೆಯ ಮೂಲೆಯಲ್ಲಿ ಅಂಗೈ ಅಗಲ ಮೂರು ನಾಲ್ಕು ಹದದಲ್ಲಿ ಬಳಿದು ಒಣಗಿಸಿ ನೋಡಿ. ಬಿರುಕು ಬಿಟ್ಟರೆ ಮರಳು ಸಾಲದು, ಕೈಯಾಡಿಸಿದರೆ ಪುಡಿ ಉದುರಿದರೆ ಮರಳು ಹೆಚ್ಚು. ದೋಸೆ ಹಿಟ್ಟಿನ ಹದ ನೋಡುವವರಿಗೆ ಇದೇನು ಕಷ್ಟ? ಮೇಲೆ ಸುಣ್ಣ. ಸುಟ್ಟ ಸುಣ್ಣದ ಕಲ್ಲನ್ನು ನೀರಿಗೆ ಹಾಕಬೇಕೇ ಹೊರತು ಕಲ್ಲಿನ ಮೇಲೆ ನೀರು ಹೊಯ್ಯಬಾರದು, ಕೊತಕೊತ ಕುದಿದು ಮುಖಕ್ಕೆ ಸಿಡಿಯುತ್ತದೆ. ಪ್ಲಾಸ್ಟಿಕ್ ಬಕೆಟ್ಟು ಬೇಡ, ಮಕ್ಕಳು ಹತ್ತಿರ ಇರಬಾರದು, ಕನ್ನಡಕ ಇರಲಿ. ಕಣ್ಣಿಗೆ ಬಿದ್ದರೆ ಧಾರಾಳವಾಗಿ ನೀರು ಹೊಯ್ದು ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಿ. ಒಂದು ವಾರ ನೀರಲ್ಲೇ ಬಿಟ್ಟು, ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಗಂಜಿ, ಚಿಟಿಕೆ ನೀಲಿ ಬೆರೆಸಿ ತೆಳ್ಳಗೆ ಮೂರು ಸಲ ಬಳಿದೆವು.

ಕೊನೆಗೆ ಮಾಳಿಗೆ. ರೋಹಿಣಿ ಮಳೆ ಹನಿಯುವುದರೊಳಗೆ ಮುಗಿಯಬೇಕು. ಇಲ್ಲಿ ನಮ್ಮಿಬ್ಬರ ಜಾಣತನವೂ ನಡೆಯಲಿಲ್ಲ. ಟ್ರಾಕ್ಟರಿನವನು ತಂದು ಸುರಿದ ಬೆಳ್ಳನೆಯ ಮಣ್ಣನ್ನು ನೋಡಿ, ಅಲ್ಲಿಯವರೆಗೆ “ಹೆಣ್ಣುಮಗಳು ಮಾಳಿಗೆ ಹತ್ತೋದು ಏನು ಚೆಂದ” ಎಂದು ಗೊಣಗುತ್ತಿದ್ದ ಅತ್ತೆ ಕೋಲೂರಿಕೊಂಡು ಹಿತ್ತಲಿಗೆ ಬಂದರು. ಒಂದು ಹಿಡಿ ತಗೊಂಡು ನೀರು ಚಿಮುಕಿಸಿ ಬೆರಳಲ್ಲಿ ಉಜ್ಜಿದರು. “ಇದು ಕರಲಲ್ಲ ಕಣವ್ವಾ, ಬರೀ ಬಿಳೇ ಮಣ್ಣು. ಕರಲು ಸೋಪಿನಂಗೆ ಜಾರ್ತೈತೆ. ಉಂಡೆ ಮಾಡಿ ನಡುವೆ ಗುಳಿ ತೋಡಿ ನೀರು ಹಾಕು, ಬೆಳಗಾದ್ರೂ ನೀರು ಇಳೀಬಾರ್ದು.” ಮಾಡಿ ನೋಡಿದೆವು. ಗಂಟೆಯೊಳಗೆ ನೀರು ಇಳಿದುಹೋಯಿತು! ಮರುದಿನ ಬೇರೆ ಕಡೆಯಿಂದ ತರಿಸಿದ ಮಣ್ಣಿನಲ್ಲಿ ನೀರು ಬೆಳಗಿನವರೆಗೂ ನಿಂತಿತ್ತು. ಕರಲಿನಲ್ಲಿರುವ ಸೋಡದ ಅಂಶದಿಂದ ಜೇಡಿ ಉಬ್ಬಿ, ಬಿಡಿಬಿಡಿಯಾಗಿ, ಸಂದುಗಳನ್ನೆಲ್ಲ ಮುಚ್ಚಿಬಿಡುತ್ತದೆ. ಬೆಳೆಗೆ ಬಾರದ ಮಣ್ಣು ಮಾಳಿಗೆಗೆ ಬರುವುದು ಇದೇ ಗುಣದಿಂದ. ಹೊಸದಾಗಿ ಬಂದರೆ ಸೊಪ್ಪು ಹಾಸಿ, ಮಣ್ಣು ಹರಡಿ, ಮೇಲೆ ನಾಲ್ಕು ಬೆರಳು ಕರಲು ಹಾಕಿ, ನೀರು ಬೀಳುವ ದೋಣಿಯ ಕಡೆಗೆ ಇಳಿಜಾರು ಕೊಟ್ಟು ಬಡಿದೆವು. ಅತ್ತೆ ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು, “ಬಡಗಣ ಮೂಲೆ ತಗ್ಗಾಯ್ತು” ಎಂದು ಕೆಳಗಿನಿಂದಲೇ ಕೂಗುತ್ತಿದ್ದರು. ಅಲ್ಲಿಂದ ಅವರಿಗೆ ಹೇಗೆ ಕಾಣುತ್ತಿತ್ತೋ! ಹೋಗಿ ನೋಡಿದರೆ ತಗ್ಗೇ ಇರುತ್ತಿತ್ತು.

ಮಗಳು ನರ್ಸಿಂಗ್ ಸೇರಿದಳು. ಹಾಗೆಂದು, ಹೊಳಲ್ಕೆರೆಯ ಸೋದರಿ, ನೀವೂ ಉಳಿಸಿಕೊಳ್ಳಿ ಎಂದು ಇಲ್ಲಿ ಕೂತು ನಾನು ಹೇಳಲಾರೆ. ತಳಪಾಯ ಕಲ್ಲಿನದೇ, ಗೋಡೆ ನೆಟ್ಟಗೆ ಇದೆಯೇ, ಕೊಳೆತ ತೊಲೆ ಎಷ್ಟು, ಇದನ್ನು ಬಲ್ಲ ಮೇಸ್ತ್ರಿಯ ಕೈಲಿ ತೋರಿಸಿ. ಅರ್ಧಕ್ಕರ್ಧ ತೊಲೆ ಹೋಗಿದ್ದರೆ, ಗೋಡೆ ಉದ್ದಕ್ಕೂ ಸೀಳಿದ್ದರೆ ಆ ಮನೆಯಲ್ಲಿ ಮಲಗಬೇಡಿ, ನಿಮ್ಮ ಯಜಮಾನರ ಮಾತೇ ಸರಿ. ಉಳಿಯುವ ಮನೆಯಾದರೆ ವರ್ಷಾವರ್ಷ ಬೇಸಿಗೆಯಲ್ಲಿ ಮಾಳಿಗೆ ನೋಡಿಕೊಳ್ಳುವ ಕೆಲಸ ತಪ್ಪುವುದಿಲ್ಲ, ಅದಕ್ಕೂ ಇಬ್ಬರೂ ಒಪ್ಪಿರಬೇಕು. ಒಬ್ಬರ ಹಟಕ್ಕೆ ಇದು ನಡೆಯುವ ಕೆಲಸವಲ್ಲ.

2025ರ ಜನವರಿಯಲ್ಲಿ ಮಾರಿಕಣಿವೆ ಮತ್ತೆ ಕೋಡಿ ಬಿತ್ತು. ಈ ಸಲವೂ ನೋಡಲು ಹೋಗಿದ್ದೆವು. ವಾಪಸು ಬಂದವರೇ ಯಜಮಾನರು ಚಪ್ಪಲಿ ಬಿಡುವ ಮೊದಲು ಗೋಡೆ ಮುಟ್ಟಿ ನೋಡಿದರು. ಒಣಗಿತ್ತು. ಒಂಬತ್ತು ಪಾತ್ರೆಗಳಲ್ಲಿ ಎಂಟು ಅಡಿಗೆಮನೆಗೆ ವಾಪಸು ಬಂದಿವೆ. ಕಣಜದ ಮೂಲೆಯ ಬೋಗುಣಿ ಮಾತ್ರ ಇನ್ನೂ ಅಲ್ಲೇ ಇದೆ, ಜಡಿಮಳೆ ಹಿಡಿದರೆ ನಾಲ್ಕು ಹನಿ ಬೀಳುತ್ತದೆ. ಮುಂದಿನ ಬೇಸಿಗೆಗೆ ಆ ಮೂಲೆ ಎಂದು ಇಬ್ಬರೂ ಮಾತಾಡಿಕೊಂಡಿದ್ದೇವೆ. ಕರಲು ಆಗಲೇ ತರಿಸಿ ಹಿತ್ತಲಲ್ಲಿ ಹಾಕಿಸಿದೆ, ಅತ್ತೆ ಉಜ್ಜಿ ನೋಡಿ ಆಯಿತು.