ನಿಷೇಧ ಅರ್ಧ ಕಾರ್ಯ ಮಾತ್ರ

2016ರ ಜನವರಿಯಲ್ಲಿ ಸ್ಕಾಟ್ಲೆಂಡಿನ ಟೈರೀ ದ್ವೀಪದ ತೀರದಲ್ಲಿ ‘ಲೂಲೂ’ ಎಂಬ ಹೆಣ್ಣು ಓರ್ಕಾ ತಿಮಿಂಗಿಲದ ಕಳೇಬರ ದೊರೆಯಿತು. ಮೀನುಗಾರರ ಹಗ್ಗಕ್ಕೆ ಸಿಕ್ಕಿ ಅದು ಸತ್ತಿತ್ತು. ಆದರೆ ಅದರ ಕೊಬ್ಬನ್ನು ಪರೀಕ್ಷಿಸಿದಾಗ ಕಿಲೋಗ್ರಾಮಿಗೆ 957 ಮಿಲಿಗ್ರಾಂ ಪಿ.ಸಿ.ಬಿ. ಕಂಡುಬಂದಿತು. ಹಾನಿ ತೊಡಗಲು 9 ಮಿಲಿಗ್ರಾಂ ಸಾಕೆಂದು ವಿಜ್ಞಾನಿಗಳ ಅಂದಾಜು. ಪ್ರಾಯ ತುಂಬಿದ್ದರೂ ಲೂಲೂ ಒಮ್ಮೆಯೂ ಮರಿ ಹಾಕಿರಲಿಲ್ಲ.

ಪಿ.ಸಿ.ಬಿ.ಗಳು ವಿದ್ಯುತ್ ಟ್ರಾನ್ಸ್‌ಫಾರ್ಮರುಗಳಲ್ಲಿ ತುಂಬುತ್ತಿದ್ದ ಕ್ಲೋರಿನ್‌ಯುಕ್ತ ದ್ರವಗಳು. ಕಾದರೂ ಕೆಡದ ಗುಣಕ್ಕಾಗಿ ಮಾನವ ಅವನ್ನು ಮೆಚ್ಚಿದ. ಆ ಗುಣವೇ ಮುಳುವಾಯಿತು. ನೀರಿಗಿಂತ ಕೊಬ್ಬಿನಲ್ಲಿ ಸುಲಭವಾಗಿ ಕರಗುವ ಇವು ಮೀನಿನಿಂದ ಸೀಲಿಗೆ, ಸೀಲಿನಿಂದ ಓರ್ಕಾಕ್ಕೆ ಸಾಂದ್ರವಾಗುತ್ತ ಏರುತ್ತವೆ. ತಾಯಿಯ ಹಾಲಿನೊಡನೆ ಮರಿಗೂ ಇಳಿಯುತ್ತವೆ.

ಅಮೆರಿಕ 1979ರಲ್ಲಿಯೇ ಇವುಗಳ ತಯಾರಿಕೆಯನ್ನು ನಿಷೇಧಿಸಿತು. ಆದರೂ ಹಳೆಯ ಉಪಕರಣಗಳಲ್ಲಿ ನಂಜು ಉಳಿದಿದೆ. 2001ರ ಸ್ಟಾಕ್‌ಹೋಮ್ ಒಪ್ಪಂದವು ಅದರ ಸುರಕ್ಷಿತ ವಿಲೇವಾರಿಗೆ 2028ರ ಗಡುವನ್ನಿತ್ತಿದೆ. ಭಾರತವೂ 2006ರಲ್ಲಿ ಈ ಒಪ್ಪಂದವನ್ನು ಅನುಮೋದಿಸಿದೆ. ಗಡುವು ಕಾಗದದ ಮೇಲೆಯೇ ಉಳಿಯಬಾರದೆಂಬುದು ನಮ್ಮ ಆಗ್ರಹ. ನಾಳಿನ ರಸಾಯನಜ್ಞರಾಗುವ ವಿದ್ಯಾರ್ಥಿಮಿತ್ರರಿಗೆ ನಮ್ಮದೊಂದು ಮಾತು: ಹೊಸ ವಸ್ತುವನ್ನು ಸೃಷ್ಟಿಸುವಾಗ ಅದು ಎಷ್ಟು ಕಾಲ ಬಾಳುವುದೆಂದು ಕೇಳಿದರೆ ಸಾಲದು, ಹೇಗೆ ಅಳಿಯುವುದೆಂದೂ ಕೇಳಬೇಕು.