ತಾರೆಯ ಮುಖ, ತೂಕವಿಲ್ಲದ ಗಾಡಿ

2020ರ ಆಗಸ್ಟ್ 7ರಂದು ಬಂದ ‘ಫಾಸ್ಟ್ ಅಂಡ್ ಫ್ಯೂರಿಯಸ್ ಕ್ರಾಸ್‌ರೋಡ್ಸ್’ ವಿಡಿಯೊ ಗೇಮ್ ಎರಡು ವರ್ಷವೂ ಬಾಳಲಿಲ್ಲ. 2022ರ ಏಪ್ರಿಲ್ ಕೊನೆಗೆ ಆನ್‌ಲೈನ್ ಅಂಗಡಿಗಳಿಂದ ಅದನ್ನು ತೆಗೆದುಹಾಕಲಾಯಿತು. ಹೆಸರಿಗೇನೂ ಕೊರತೆಯಿರಲಿಲ್ಲ. ವಿನ್ ಡೀಸೆಲ್, ಮಿಶೆಲ್ ರಾಡ್ರಿಗಸ್, ಟೈರೀಸ್ ಗಿಬ್ಸನ್ ತಾವೇ ದನಿ ಕೊಟ್ಟಿದ್ದರು. ತಯಾರಿಸಿದ್ದು ಲಂಡನ್ನಿನ ಸ್ಲೈಟ್ಲಿ ಮ್ಯಾಡ್ ಸ್ಟುಡಿಯೋಸ್. ಟೈರು ಎಷ್ಟು ಬಿಸಿಯಾಗಿದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯುವ ‘ಪ್ರಾಜೆಕ್ಟ್ ಕಾರ್ಸ್’ ಮಾಡಿ ಹೆಸರಾದ ಸಂಸ್ಥೆ ಅದು. ಆದರೂ ವಿಮರ್ಶಕರ ಅಂಕಗಳ ಸರಾಸರಿ ತೆಗೆಯುವ ಮೆಟಾಕ್ರಿಟಿಕ್‌ನಲ್ಲಿ ಈ ಆಟದ ಪ್ಲೇಸ್ಟೇಷನ್ ಆವೃತ್ತಿ 100ಕ್ಕೆ 40ನ್ನೂ ಮುಟ್ಟಲಿಲ್ಲ. ದೂರುಗಳು ಹೆಚ್ಚೂಕಡಿಮೆ ಒಂದೇ ಬಗೆಯವು: ಕಾರಿಗೆ ತೂಕವಿಲ್ಲ, ತಿರುವಿನಲ್ಲಿ ಹಿಡಿತ ಸಿಗುವುದಿಲ್ಲ, ಬೀದಿ ರೇಸಿನಿಂದ ಹುಟ್ಟಿದ ಸಿನಿಮಾ ಸರಣಿಯ ಆಟದಲ್ಲಿ ರೇಸೇ ಕಡಿಮೆ, ಕಥೆ ಕೆಲವೇ ಗಂಟೆಗಳಲ್ಲಿ ಮುಗಿಯುತ್ತದೆ, ಬೆಲೆ ಮಾತ್ರ ದೊಡ್ಡ ಆಟಗಳದ್ದು. ಈ ತೀರ್ಪು ನ್ಯಾಯವಾದದ್ದೇ. ಆದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಲ್ಲಿ ಗೇಮ್ ಆಡುವವರಿಗೆ ಅದು ತಲುಪುವುದಿಲ್ಲ. ತಲುಪಿದರೂ ಅವರ ಕೈಯಲ್ಲಿರುವ ಫೋನಿನ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಶುಕ್ರವಾರ ಬಿಡುಗಡೆಯಾದ ಸಿನಿಮಾಕ್ಕೆ ಶನಿವಾರ ವಿಮರ್ಶೆ ಕೊಡುವ ಕನ್ನಡ ಪತ್ರಿಕೆ, ಆ ಸಿನಿಮಾದ ಹೆಸರಿನಲ್ಲಿ ಬರುವ ಗೇಮನ್ನೂ ಅಷ್ಟೇ ಗಂಭೀರವಾಗಿ ತೂಗಬೇಕು. ಇದು ನನ್ನ ವಾದ.

ಇಂಥ ಆಟಗಳು ಮತ್ತೆ ಮತ್ತೆ ಸೋಲುವುದಕ್ಕೆ ಕಾರಣ ಪ್ರತಿಭೆಯ ಕೊರತೆಯಲ್ಲ, ಕ್ಯಾಲೆಂಡರು. ಸಿನಿಮಾದ ಬಿಡುಗಡೆ ದಿನ ಮೊದಲೇ ಗೊತ್ತಾಗಿರುತ್ತದೆ. ಗೇಮ್ ಆ ದಿನದ ಹಿಂದೆ ಮುಂದೆ ಬರಲೇಬೇಕು. ‘ಫಾಸ್ಟ್ ಅಂಡ್ ಫ್ಯೂರಿಯಸ್ ಶೋಡೌನ್’ 2013ರ ಮೇ ತಿಂಗಳಲ್ಲಿ ಸರಣಿಯ ಆರನೇ ಸಿನಿಮಾದ ಜೊತೆಗೇ ಬಂದು, 20ರ ಆಸುಪಾಸಿನ ಅಂಕ ಪಡೆದು, ಆ ವರ್ಷದ ಅತ್ಯಂತ ಕಳಪೆ ಆಟಗಳ ಸಾಲಿಗೆ ಸೇರಿತು. ಕ್ರಾಸ್‌ರೋಡ್ಸ್ ಕೂಡ 2020ರ ಮೇ ತಿಂಗಳಿಗೇ ನಿಗದಿಯಾಗಿತ್ತು. ಕೋವಿಡ್‌ನಿಂದ ಒಂಬತ್ತನೇ ಸಿನಿಮಾ 2021ಕ್ಕೆ ಹೋಯಿತು, ಗೇಮಿಗೆ ಸಿಕ್ಕಿದ್ದು ಮೂರೇ ತಿಂಗಳ ಬಿಡುವು. ಈ ರೋಗ ಹಳೆಯದು. 1982ರಲ್ಲಿ ಅಟಾರಿ ಕಂಪನಿಯ ಹೊವಾರ್ಡ್ ಸ್ಕಾಟ್ ವಾರ್ಷಾ ‘ಇ.ಟಿ.’ ಸಿನಿಮಾದ ಗೇಮನ್ನು ಕ್ರಿಸ್‌ಮಸ್ ಮಾರಾಟಕ್ಕೆಂದು ಸುಮಾರು 5 ವಾರಗಳಲ್ಲಿ ಮುಗಿಸಬೇಕಾಯಿತು. ಮಾರಾಟವಾಗದ ಕಾರ್ಟ್ರಿಡ್ಜ್‌ಗಳನ್ನು ನ್ಯೂ ಮೆಕ್ಸಿಕೊದ ಮರಳುಗಾಡಿನಲ್ಲಿ ಹೂಳಲಾಯಿತು, 2014ರಲ್ಲಿ ಅವುಗಳಲ್ಲಿ ಕೆಲವನ್ನು ಅಗೆದು ತೆಗೆದರು. ಇದಕ್ಕೆ ಎದುರಾದ ಉದಾಹರಣೆ ‘ಗೋಲ್ಡನ್‌ಐ’. ಸಿನಿಮಾ ಬಂದದ್ದು 1995ರಲ್ಲಿ, ಗೇಮ್ ಬಂದದ್ದು 1997ರಲ್ಲಿ. ಸಿನಿಮಾದ ಸದ್ದು ಅಡಗಿದ ಮೇಲೆ ಬಂದ ಆ ಆಟವನ್ನು ಇವತ್ತಿಗೂ ಅತ್ಯುತ್ತಮ ಆಟಗಳ ಪಟ್ಟಿಯಲ್ಲಿ ಹೆಸರಿಸುತ್ತಾರೆ. ಎರಡು ವರ್ಷ ತಡವಾದದ್ದೇ ಅದಕ್ಕೆ ವರವಾಯಿತು.

ಕರ್ನಾಟಕದಲ್ಲಿ ಇದಕ್ಕೆ ಹತ್ತಿರದ ಉದಾಹರಣೆ ಉಡುಪಿಯಲ್ಲಿದೆ. ಅಮೀರ್ ಖಾನ್ ನಟಿಸಿದ ‘ಧೂಮ್ 3’ 2013ರ ಡಿಸೆಂಬರ್ 20ರಂದು ತೆರೆಗೆ ಬಂತು. ಅದರ ಅಧಿಕೃತ ಮೊಬೈಲ್ ಗೇಮ್ ಮಾಡಿದ್ದು ಉಡುಪಿಯ 99ಗೇಮ್ಸ್ ಸಂಸ್ಥೆ. ಷಿಕಾಗೊ ಬೀದಿಗಳಲ್ಲಿ ಪೊಲೀಸರಿಂದ ತಪ್ಪಿಸಿಕೊಂಡು ಬೈಕ್ ಓಡಿಸುವ ಆಟ. ಡೌನ್‌ಲೋಡ್ ಉಚಿತ, ಒಳಗೆ ಖರೀದಿ. ಡೌನ್‌ಲೋಡ್‌ಗಳ ಸಂಖ್ಯೆ ಕೋಟಿ ದಾಟಿತು. ಸಮುದ್ರದಂಡೆಯ ಒಂದು ಸಣ್ಣ ಊರಿನಿಂದ ಇಷ್ಟು ದೊಡ್ಡ ಆಟ ಹೊರಟದ್ದು ಹೆಮ್ಮೆಯ ವಿಷಯ. ಆದರೆ ಆ ಹೆಮ್ಮೆಯನ್ನು ಬದಿಗಿಟ್ಟು ನೋಡಿದರೆ ಕಾಣುವುದು ‘ಟೆಂಪಲ್ ರನ್’, ‘ಸಬ್‌ವೇ ಸರ್ಫರ್ಸ್’ ರೂಢಿಗೆ ತಂದಿದ್ದ ಮುಗಿಯದ ಓಟದ ಮಾದರಿಯೇ. ಅಲ್ಲಿ ಗುರಿಗೆರೆಯಿಲ್ಲ, ಸರಿಸಾಟಿಯಾಗಿ ಓಡುವ ಎದುರಾಳಿಯಿಲ್ಲ. ಷಿಕಾಗೊ ಎಂಬುದು ಎರಡೂ ಬದಿಗೆ ಕಟ್ಟಿದ ಪರದೆ. ಬೈಕು ಬಾಗುವ ಸುಖಕ್ಕೆ ಜನ ಧೂಮ್ ಸಿನಿಮಾಗಳನ್ನು ನೋಡಿದ್ದರು. ಆಟದಲ್ಲಿ ಆ ಬಾಗು ಬರೀ ಅಡ್ಡಿ ತಪ್ಪಿಸುವ ಚಲನೆಯಾಯಿತು. ಇನ್ನೂ ಮುಖ್ಯವಾದ ಸಾಕ್ಷ್ಯವನ್ನು ಇದೇ ಸಂಸ್ಥೆ ಕೊಟ್ಟಿದೆ. ಮರುವರ್ಷ, 2014ರಲ್ಲಿ, ಅದು ‘ಸ್ಟಾರ್ ಶೆಫ್’ ಎಂಬ ಅಡುಗೆಮನೆಯ ಆಟ ತಂದಿತು. ಅದರಲ್ಲಿ ಯಾವ ತಾರೆಯೂ ಇರಲಿಲ್ಲ, ಕಾಯುವ ಬಿಡುಗಡೆ ದಿನವೂ ಇರಲಿಲ್ಲ. ವರ್ಷಗಟ್ಟಲೆ ತಿದ್ದಿ ಬೆಳೆಸಿದ ಆ ಆಟವೇ ಸಂಸ್ಥೆಯ ದೊಡ್ಡ ಯಶಸ್ಸಾಯಿತು, ಅದರ ಎರಡನೇ ಭಾಗವೂ ಬಂತು. ಕೈಚಳಕ ಅದೇ, ಊರು ಅದೇ; ಬದಲಾದದ್ದು ಸಮಯ.

ಹಾಗಾದರೆ ಸಿನಿಮಾ ಆಧರಿಸಿದ ರೇಸಿಂಗ್ ಗೇಮನ್ನು ಯಾವ ಅಳತೆಯಲ್ಲಿ ತೂಗಬೇಕು? ಈ ಐದು ತಾಲ್ಲೂಕುಗಳಿಗೆ ಅದನ್ನು ಹೊರಗಿನವರು ಹೇಳಿಕೊಡಬೇಕಾಗಿಲ್ಲ. ಬಳ್ಳಾರಿ ಸೀಮೆಯ ಬಯಲಾಟ ನೋಡುವವರಿಗೆ ಪ್ರಸಂಗದ ಕಥೆ ಮೊದಲೇ ಗೊತ್ತು. ದುಶ್ಶಾಸನ ಸೀರೆ ಸೆಳೆಯುತ್ತಾನೆ, ಕೃಷ್ಣ ಕಾಯುತ್ತಾನೆ. ಮುಂದೇನು ಎಂದು ಯಾರೂ ಕೇಳುವುದಿಲ್ಲ. ಅವರು ನೋಡುವುದು ಹೆಜ್ಜೆ ಮದ್ದಳೆಗೆ ಕೂಡಿತೇ, ಮಾತು ತೂಕವಾಗಿ ಬಿತ್ತೇ ಎಂದು. ಕಿರೀಟ, ಭುಜಕೀರ್ತಿ ಎಷ್ಟೇ ಮಿಂಚಿದರೂ ಹೆಜ್ಜೆ ತಪ್ಪಿದವನನ್ನು ಬೆಳಗಿನ ಜಾವದ ಆ ಸಭೆ ಮನ್ನಿಸುವುದಿಲ್ಲ. ಸಿನಿಮಾ ಗೇಮಿನಲ್ಲೂ ಕಥೆ ಗೊತ್ತಿರುವುದೇ, ತಾರೆಯ ಮುಖ ಭುಜಕೀರ್ತಿಯೇ. ತೂಗಬೇಕಾದದ್ದು ಆಡಿಸುವ ಹೆಜ್ಜೆಯನ್ನು. ರಸ್ತೆಯ ವಿಷಯಕ್ಕೆ ಬಂದರಂತೂ ಇಲ್ಲಿಯವರ ಅನುಭವ ಇನ್ನೂ ಗಟ್ಟಿ. ಸುಗ್ಗಿಯಲ್ಲಿ ಡಾಂಬರು ರಸ್ತೆಯ ಮೇಲೇ ಹುರುಳಿ, ಸಜ್ಜೆ ಹಾಸಿ ಒಕ್ಕಣೆ ಮಾಡುವ ಸೀಮೆ ಇದು. ಹುರುಳಿ ಹೊಟ್ಟಿನ ಮೇಲೆ ಬ್ರೇಕ್ ಹಿಡಿದರೆ ಬೈಕಿನ ಹಿಂದಿನ ಗಾಲಿ ಹೇಗೆ ಜಾರುತ್ತದೆ, ಮಳೆ ಬಿದ್ದ ಎರೆಮಣ್ಣು ಗಾಲಿಗೆ ಹೇಗೆ ಮೆತ್ತಿಕೊಳ್ಳುತ್ತದೆ, ಕೂಡ್ಲಿಗಿಯ ಹೆದ್ದಾರಿಯಲ್ಲಿ ಲಾರಿ ಪಕ್ಕದಲ್ಲಿ ಹಾದಾಗ ಗಾಳಿ ಹೇಗೆ ಎಳೆಯುತ್ತದೆ ಎಂಬುದು ಮೈಗೆ ಗೊತ್ತಿರುವ ಸಂಗತಿ. ಕಾರಿಗೆ ತೂಕವಿಲ್ಲ ಎಂಬ ವಿದೇಶಿ ವಿಮರ್ಶಕರ ಮಾತನ್ನು ಇದಕ್ಕಿಂತ ಖಚಿತವಾಗಿ ಹೇಳಬಲ್ಲ ಜ್ಞಾನ ಇಲ್ಲಿದೆ. ಅದನ್ನು ಬರೆಸಿಕೊಳ್ಳುವ ಪುಟವಿಲ್ಲ.

ಕೋಟಿ ಜನ ಇಳಿಸಿಕೊಂಡ ಮೇಲೆ ವಿಮರ್ಶಕನ ಮಾತು ಯಾರಿಗೆ ಬೇಕು ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಯನ್ನು ತಳ್ಳಿಹಾಕಲಾಗದು, ಜನಪ್ರಿಯತೆಯೂ ಒಂದು ತೀರ್ಪೇ. ಆದರೆ ಉಚಿತ ಆಟದ ಡೌನ್‌ಲೋಡ್ ಎಂಬುದು ಟಿಕೆಟ್ ಕೊಂಡಂತಲ್ಲ; ಚಿತ್ರಮಂದಿರದ ಹೊರಗಿನ ಪೋಸ್ಟರ್ ಮುಂದೆ ನಿಂತಂತೆ. ನೆಚ್ಚಿನ ನಟನ ಮುಖ ಕಂಡು ಇಳಿಸಿಕೊಂಡವರು ಎರಡು ದಿನಕ್ಕೇ ಅಳಿಸಿದರೂ ಆ ಸಂಖ್ಯೆ ಕೆಳಗಿಳಿಯುವುದಿಲ್ಲ. ಇದು ಸಿನಿಮಾದ ಪ್ರಚಾರವಷ್ಟೇ, ಕರಪತ್ರಕ್ಕೆ ಯಾರು ವಿಮರ್ಶೆ ಬರೆಯುತ್ತಾರೆ ಎಂಬುದು ಇನ್ನೊಂದು ಮಾತು. ಕರಪತ್ರ ದುಡ್ಡು ಕೇಳುವುದಿಲ್ಲ. ಈ ಆಟಗಳು ಹೊಸ ಬೈಕಿಗೆ, ಸತ್ತ ಮೇಲೆ ಮತ್ತೆ ಎದ್ದು ಓಡುವುದಕ್ಕೆ ದುಡ್ಡು ಕೇಳುತ್ತವೆ, ಜಾಹೀರಾತು ತೋರಿಸಿ ಹೊತ್ತು ಕೇಳುತ್ತವೆ. ದುಡ್ಡನ್ನೂ ಹೊತ್ತನ್ನೂ ಪಡೆಯುವ ವಸ್ತು ಪರೀಕ್ಷೆಗೆ ಒಳಗಾಗಲೇಬೇಕು.

ಹೆತ್ತವರ ಆತಂಕ ಬೇರೆಯದು: ಇಂಥ ಆಟಗಳ ಬಗ್ಗೆ ಬರೆಯುವುದೆಂದರೆ ಹುಡುಗರನ್ನು ವ್ಹೀಲಿ ಮಾಡಲು ಹುರಿದುಂಬಿಸಿದಂತಲ್ಲವೇ? ರಸ್ತೆಯಲ್ಲಿ ಸಾಯುತ್ತಿರುವ ಎಳೆಯರನ್ನು ಕಂಡು ಹುಟ್ಟಿದ ಈ ಭಯಕ್ಕೆ ಗೌರವ ಕೊಡಲೇಬೇಕು. ಅದಕ್ಕಾಗಿ ಕಾನೂನಿದೆ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯಡಿ ರಸ್ತೆಯಲ್ಲಿ ರೇಸ್ ಮಾಡಿದರೆ ಮೊದಲ ಸಲಕ್ಕೇ 5,000 ರೂಪಾಯಿವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಜೈಲು. ಅಪ್ರಾಪ್ತರು ಗಾಡಿ ಓಡಿಸಿ ಅಪರಾಧ ಮಾಡಿದರೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಆದರೆ ವಿಮರ್ಶೆ ಇಲ್ಲದಿದ್ದರೆ ಆಟ ಇಲ್ಲವಾಗುವುದಿಲ್ಲ, ಆಟದ ಬಗ್ಗೆ ತಿಳಿವಳಿಕೆ ಮಾತ್ರ ಇಲ್ಲವಾಗುತ್ತದೆ. ಡಿಕ್ಕಿ ಹೊಡೆದರೂ ಏನೂ ಆಗದ, ಬ್ರೇಕೇ ಬೇಕಿಲ್ಲದ ಗಾಡಿ ಕೆಟ್ಟ ಆಟದ ಲಕ್ಷಣ ಎಂದು ಹೇಳುವ ವಿಮರ್ಶೆ, ಆ ತಾಯ್ತಂದೆಯರ ಪರವಾಗಿಯೇ ಮಾತಾಡುತ್ತಿರುತ್ತದೆ.

ನಮ್ಮಲ್ಲಿ ಗೇಮಿನ ಬಗ್ಗೆ ಸಾರ್ವಜನಿಕ ಮಾತೇ ಇಲ್ಲವೆಂದಲ್ಲ. ಆನ್‌ಲೈನ್ ಜೂಜು ತಡೆಯಲು ರಾಜ್ಯ 2021ರಲ್ಲಿ ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿಯ ಮುಖ್ಯ ಅಂಶಗಳನ್ನು 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ರದ್ದು ಮಾಡಿತು. 2025ರಲ್ಲಿ ಕೇಂದ್ರ ಹಣದ ಆಟಗಳನ್ನು ನಿಷೇಧಿಸುವ ಕಾಯ್ದೆ ತಂದಿತು. ಇನ್ನೊಂದು ಕಡೆ ಅನಿಮೇಷನ್ ಮತ್ತು ಗೇಮಿಂಗ್ ಉದ್ಯಮಕ್ಕೆ 2012ರಲ್ಲೇ ಪ್ರತ್ಯೇಕ ನೀತಿ ರೂಪಿಸಿದ ರಾಜ್ಯ ನಮ್ಮದು, ಈಗ 2024ರಿಂದ 2029ರವರೆಗಿನ ಹೊಸ ನೀತಿ ಇದೆ. ಅಂದರೆ ಆಟ ಅಪರಾಧದ ಪುಟದಲ್ಲಿ ಇದೆ, ವಾಣಿಜ್ಯ ಪುಟದಲ್ಲೂ ಇದೆ. ಕಲೆಯ ಪುಟದಲ್ಲಿ ಇಲ್ಲ. ಯುವಕರಿಗೆ ಗೇಮ್ ಮಾಡುವುದನ್ನು ಕಲಿಸುತ್ತೇವೆ ಎನ್ನುವ ಸರ್ಕಾರಕ್ಕೂ ಈ ಕೊರತೆ ತಟ್ಟಬೇಕು, ಏಕೆಂದರೆ ಒಳ್ಳೆಯ ನೋಡುಗರಿಲ್ಲದೆ ಯಾವ ಮೇಳವೂ ಹದಗೊಂಡದ್ದಿಲ್ಲ.

ಶುರುಮಾಡಲು ವಾರಕ್ಕೆ 300 ಪದ ಸಾಕು. ಹತ್ತು ಹನ್ನೆರಡು ಸಾವಿರ ರೂಪಾಯಿಯ ಫೋನಿನಲ್ಲಿ ಆಟ ತಡವರಿಸದೆ ಓಡುತ್ತದೆಯೇ, ಎಷ್ಟು ಡೇಟಾ ತಿನ್ನುತ್ತದೆ, ಎಷ್ಟು ನಿಮಿಷಕ್ಕೊಂದು ಜಾಹೀರಾತು, ದುಡ್ಡು ಕೊಡದವರು ಎಲ್ಲಿಯವರೆಗೆ ಹೋಗಬಹುದು, ಕನ್ನಡದಲ್ಲಿ ಸೂಚನೆಗಳಿವೆಯೇ, ಎಲ್ಲಕ್ಕಿಂತ ಮೊದಲು ಗಾಡಿ ಕೈಮಾತು ಕೇಳುತ್ತದೆಯೇ. ಸಿನಿಮಾ ನೋಡಿ ಬಂದ ಕೊಟ್ಟೂರಿನ ಹುಡುಗಿ ಗೇಮ್ ಇಳಿಸಿಕೊಳ್ಳುವ ಮುಂಚೆ ಇಷ್ಟನ್ನು ಓದುವಂತಾಗಬೇಕು. ಬ್ರೇಕ್ ಒತ್ತಿದ ಮೇಲೆ ಗಾಡಿ ಎಷ್ಟು ದೂರ ಜಾರುತ್ತದೆ ಎಂದು ಹರಪನಹಳ್ಳಿಯಲ್ಲಿ ಲೆಕ್ಕ ಇಡುವವರಿದ್ದಾರೆ ಎಂಬುದು, ಮುಂದಿನ ಸಿನಿಮಾದ ಗೇಮನ್ನು ಉಡುಪಿಯಲ್ಲೋ ಬೆಂಗಳೂರಿನಲ್ಲೋ ಕೂತು ಮಾಡುತ್ತಿರುವ ತಂಡಕ್ಕೂ ಗೊತ್ತಾಗಬೇಕು.