ನಮ್ಮ ಹಾಡನ್ನು ಕಟ್ಟುವವರು ಯಾರು?

ಹಾಡಿನ ಮಾತನ್ನೂ ಮಟ್ಟನ್ನೂ ತಾನೇ ರಚಿಸುವವನನ್ನು ನಮ್ಮ ಹಿರಿಯರು ವಾಗ್ಗೇಯಕಾರನೆಂದು ಕರೆದರು. ಪುರಂದರದಾಸರು ಅಂಥವರು. ಆ ಹೆಸರಿಗೆ ಸಲ್ಲುವವರು ಇಂದೂ ಇದ್ದಾರೆ. ನಮ್ಮೀ ದೆಹಲಿಯಲ್ಲಿಯೇ ನೆಲೆಸಿ ಹಾಡು ಕಟ್ಟಿದ ಒಬ್ಬರ ಮೊದಲ ಗೀತಸಂಪುಟದ ನೆಪದಲ್ಲಿ ವಿದ್ಯಾರ್ಥಿ ಮಿತ್ರರೊಡನೆ ಒಂದೆರಡು ಮಾತುಗಳನ್ನಾಡಬಯಸುತ್ತೇವೆ.

ಪ್ರತೀಕ್ ಕುಹಾಡ್ ಜಯಪುರದವರು. ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಗಣಿತವನ್ನೂ ಅರ್ಥಶಾಸ್ತ್ರವನ್ನೂ ಓದಿ, ದೆಹಲಿಗೆ ಬಂದು ಹಾಡುವುದನ್ನೇ ವೃತ್ತಿಯಾಗಿ ಮಾಡಿಕೊಂಡರು. 2015ರಲ್ಲಿ ಹೊರಬಂದ ‘ಇನ್ ಟೋಕನ್ಸ್ ಅಂಡ್ ಚಾರ್ಮ್ಸ್’ ಅವರ ಮೊದಲ ಪೂರ್ಣ ಸಂಪುಟ. ಚಲನಚಿತ್ರದ ಆಸರೆ ಇದಕ್ಕಿಲ್ಲ. ಇಂಥ ಸಂಗೀತಕ್ಕೆ ಈಗ ‘ಇಂಡೀ ಫೋಕ್’ ಎಂಬ ಹೆಸರಿದೆ. ಜಾನಪದವೆಂದೊಡನೆ ಡೊಳ್ಳು ಕಂಸಾಳೆಗಳನ್ನು ನಿರೀಕ್ಷಿಸುವವರು ನಿರಾಶರಾದಾರು. ಗಿಟಾರಿನ ತಂತಿಯನ್ನು ಬೆರಳಿನಿಂದ ಮೀಟುತ್ತ, ಪಕ್ಕದಲ್ಲಿ ಕುಳಿತವರೊಡನೆ ಮಾತನಾಡುವಷ್ಟೇ ಮೆಲ್ಲಗೆ ಹಾಡಿದ ಹಾಡುಗಳಿವು. ಎಲ್ಲವೂ ಸಮನಾಗಿ ರುಚಿಸಿದುವೆಂದು ಹೇಳಲಾರೆವು. ಕೆಲವೆಡೆ ಒಂದರ ನೆರಳು ಮತ್ತೊಂದರ ಮೇಲೆ ಬಿದ್ದಂತಿದೆ. ಆದರೂ ಅಬ್ಬರವಿಲ್ಲದ ಕಂಠವೊಂದು ಈ ಗದ್ದಲದ ನಗರದಲ್ಲಿ ಕೇಳುಗರನ್ನು ಗಳಿಸಿತೆಂಬುದು ಸಾಮಾನ್ಯ ಸಂಗತಿಯಲ್ಲ. ಅವರ ಮುಂದಿನ ಹಾಡೊಂದನ್ನು 2019ರಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಬರಾಕ್ ಒಬಾಮಾ ತಮ್ಮ ಮೆಚ್ಚಿನ ಹಾಡುಗಳ ಪಟ್ಟಿಯಲ್ಲಿ ಸೇರಿಸಿದರು.

ಈ ಸಂಪುಟದ ಭಾಷೆ ಇಂಗ್ಲಿಷು. ಹಿಂದಿ ಒಲಿಯದೆ ಅತ್ತ ಹೋದವರೇನಲ್ಲ. 2013ರಲ್ಲಿಯೇ ‘ರಾತ್ ರಾಜೀ’ ಎಂಬ ಹಿಂದಿ ಹಾಡುಗಳ ಕಿರುಸಂಪುಟವನ್ನು ಹೊರತಂದಿದ್ದರು. ಭಾವ ಮೂಡಿದ ನುಡಿಯಲ್ಲಿ ಹಾಡಿದವರನ್ನು ದೂರುವುದು ತರವಲ್ಲ. ನಮ್ಮ ಚಿಂತೆ ನಮ್ಮವರನ್ನು ಕುರಿತದ್ದು. ರಾಜ್ಯೋತ್ಸವದಂದು ನಮ್ಮ ಬಾಲಕ ಬಾಲಿಕೆಯರು ನಾಡಗೀತೆ ಭಾವಗೀತೆಗಳನ್ನು ಇಂಪಾಗಿಯೇ ಹಾಡುತ್ತಾರೆ. ಅವುಗಳಲ್ಲಿ ಸಹ್ಯಾದ್ರಿಯಿದೆ, ಕಾವೇರಿಯಿದೆ. ಆದರೆ ಜನವರಿಯ ಮಂಜು, ಜೂನ್ ತಿಂಗಳ ಲೂ ಗಾಳಿ, ಮೆಟ್ರೋ ರೈಲಿನಲ್ಲಿ ತಾಯಿಯೊಡನೆ ಕನ್ನಡವಾಡುವಾಗ ಎದುರಿನವರು ತಲೆಯೆತ್ತಿ ನೋಡುವ ನೋಟ, ಆಗ ದನಿ ತಾನಾಗಿ ತಗ್ಗುವ ಬಗೆ—ಇವನ್ನು ಹಾಡುವವರು ಯಾರು? ಧಾರವಾಡದ ಕವಿಗಳು ಬರೆದು ಅಂಚೆಯಲ್ಲಿ ಕಳುಹಿಸಲಾರರು.

“ನಮ್ಮ ಕನ್ನಡ ಶುದ್ಧವಲ್ಲ, ಹಿಂದಿ ಬೆರೆತಿದೆ” ಎಂಬ ಸಂಕೋಚ ಹಲವರಲ್ಲಿದೆ. ಶಿಶುನಾಳ ಶರೀಫರ (1819–1889) ಪದಗಳಲ್ಲಿ ಹಿಂದೂಸ್ತಾನಿ ಮಾತುಗಳು ಬೆರೆತಿಲ್ಲವೇ? ಸೋರುವ ಮನೆ, ಸೇದುವ ಗುಡಗುಡಿ, ಇವೇ ಅವರಿಗೆ ವಸ್ತುವಾದುವು. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತರು 2008ರ ತಮ್ಮ ಮೊದಲ ಸಂಪುಟದಲ್ಲಿ ಹಿಂದಿ ಹಾಡುಗಳ ನಡುವೆ ಆ ಪದಗಳನ್ನು ಗಿಟಾರಿನೊಡನೆ ಹಾಡಿದಾಗ ಕನ್ನಡವರಿಯದ ತರುಣರೂ ತಲೆದೂಗಿದರು. ಹಳೆಯ ಪದಕ್ಕೆ ಹೊಸ ತಂತಿ ಕಟ್ಟುವುದು ಒಳ್ಳೆಯ ಕೆಲಸವೇ. ಆದರೆ ಶರೀಫರು ಮೆಟ್ರೋ ಹತ್ತಿದವರಲ್ಲ.

ಆದುದರಿಂದ ನಮ್ಮ ಸೂಚನೆ ಇಷ್ಟೆ. ಈ ಸಲದ ವಾರ್ಷಿಕೋತ್ಸವದಲ್ಲಿ ಒಂದು ಹಾಡಾದರೂ ವಿದ್ಯಾರ್ಥಿಗಳೇ ಕಟ್ಟಿದ್ದಾಗಿರಲಿ. ಮೂರು ನಿಮಿಷ ಸಾಕು. ಮಟ್ಟು ಕೂರದಿದ್ದರೆ ಸಂಗೀತದ ಉಪಾಧ್ಯಾಯರು ನೆರವಾದಾರು. ಕನ್ನಡದ ಉಪಾಧ್ಯಾಯರು ಮಾತ್ರ ಆ ಒಂದು ಸಂಜೆ ಕೆಂಪು ಶಾಯಿಯ ಲೇಖನಿಯನ್ನು ದಯವಿಟ್ಟು ಮನೆಯಲ್ಲಿಯೇ ಬಿಟ್ಟು ಬರಬೇಕು.